ಕೂತಲ್ಲೇ ಇಳಿಯುವ ಸೀಟು

ನಾವು ಮಲೆನಾಡಿನವರಿಗೆ ಎಣ್ಣೆಯ ಮೇಲೆ ಇರುವಷ್ಟು ನಂಬಿಕೆ ದೇವರ ಮೇಲೂ ಇಲ್ಲವೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಜೂನ್ ತಿಂಗಳಿಂದ ಹಿಡಿದು ದೀಪಾವಳಿಯವರೆಗೆ ನಮ್ಮ ಸಾಗರದಲ್ಲಿ ತುಕ್ಕು ಹಿಡಿಯದ ವಸ್ತು ಇಲ್ಲ. ಬೀಗ, ಕೊಡೆಯ ಕಡ್ಡಿ, ಹೊಲಿಗೆ ಯಂತ್ರ, ಉತ್ತರಪತ್ರಿಕೆಗೆ ಹೊಡೆದ ಪಿನ್ನು, ಕಡೆಗೆ ಕನ್ನಡಕದ ಸ್ಕ್ರೂ ಕೂಡ ಕೆಂಪಾಗುತ್ತದೆ. ಹಾಗಾಗಿ ಮನೆಗೆ ಯಾವ ಹೊಸ ಸಾಮಾನು ಬಂದರೂ ನಮ್ಮ ಕೈ ಮೊದಲು ಎಣ್ಣೆ ಶೀಶೆಯ ಕಡೆಗೆ ಹೋಗುತ್ತದೆ, ಬುದ್ಧಿ ಆಮೇಲೆ ನಿಧಾನವಾಗಿ ಹಿಂದಿನಿಂದ ಬರುತ್ತದೆ. ನನ್ನ ತಂದೆಯವರು ಒಮ್ಮೆ ಟ್ರಾನ್ಸಿಸ್ಟರ್ ರೇಡಿಯೋದ ಗುಂಡಿ ಬಿಗಿಯಾಯಿತೆಂದು ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದರು. ಅಂದಿನಿಂದ ವಾರ್ತೆ ಬರುವಾಗಲೆಲ್ಲ ಹಿಂದೆ ಯಾರೋ ಹಪ್ಪಳ ಕರಿಯುವ ಸದ್ದು ಕೇಳುತ್ತಿತ್ತು. ಅವರು ಅದನ್ನು ದೆಹಲಿಯ ತೊಂದರೆ ಎಂದೇ ಕೊನೆಯವರೆಗೂ ನಂಬಿದ್ದರು.

ಇಂಥ ತಂದೆಯ ಮಗನಾದ ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವ ಸಂಗತಿಯನ್ನು ಓದಿದ ಮೇಲೆ ನೀವು ನಂಬಲಾರಿರಿ. ವರ್ಷಕ್ಕೊಮ್ಮೆ ಘರ್ಷಣೆಯ ಪಾಠ ಬರುತ್ತದೆ. "ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲವೇ ಘರ್ಷಣೆ. ಎಣ್ಣೆ ಹಚ್ಚಿದರೆ ಅದು ಕಡಿಮೆಯಾಗುತ್ತದೆ" ಎಂದು ಇಪ್ಪತ್ತೆಂಟು ವರ್ಷಗಳಿಂದ ನೋಟ್ಸ್ ಬರೆಸುತ್ತಿದ್ದೇನೆ. ಕಳೆದ ಆಗಸ್ಟ್‌ನಲ್ಲೂ ಬರೆಸಿದೆ. ಬರೆಸಿ ಮನೆಗೆ ಬಂದು, ಕೈಕಾಲು ತೊಳೆದು, ನನ್ನ ಹೊಸ ಸೈಕಲ್ಲಿನ ಸೀಟಿನ ಪೈಪನ್ನು ಹೊರಗೆಳೆದು ಅದಕ್ಕೆ ಚೆನ್ನಾಗಿ ಎಣ್ಣೆ ಹಚ್ಚಿ ಒಳಗೆ ಇಳಿಸಿದೆ.

ಹೊಸ ಸೈಕಲ್ ಎಂದೆ, ನನಗೆ ಹೊಸದು. ಶಿವಮೊಗ್ಗದ ಡಾಕ್ಟರೊಬ್ಬರು ಅದನ್ನು ತರಿಸಿ, ಒಂದೇ ಸಲ ಹತ್ತಿ, ಒಂದೇ ಸಲ ಬಿದ್ದು, ಇನ್ನು ಸಾಕೆಂದು ನನಗೆ ಕೊಟ್ಟಿದ್ದರು. ಕಾರ್ಬನ್ ಸೈಕಲ್. ಒಂದು ಕೈಯಲ್ಲಿ ಎತ್ತಿದರೆ ಬೆಕ್ಕಿನಮರಿಯ ಹಾಗೆ ಬರುತ್ತದೆ. ಐವತ್ತನಾಲ್ಕರ ವಯಸ್ಸಿನಲ್ಲಿ ನನಗೆ ಅದರ ಮೇಲೆ ಹುಟ್ಟಿದ ಪ್ರೀತಿಯನ್ನು ಹೇಳಿದರೆ ನಗುತ್ತೀರಿ. ಮನೆ ಕಟ್ಟಿಸಿದ್ದು ಹೆಂಡತಿಗಾಗಿ, ಕಾರು ಕೊಂಡದ್ದು ನೆಂಟರಿಗಾಗಿ, ಟಿವಿ ಯಾರಿಗಾಗಿಯೋ ಗೊತ್ತಿಲ್ಲ. ನನಗೇ ಅಂತ ನಾನು ಆಸೆಪಟ್ಟು ತಂದ ಮೊದಲ ವಸ್ತು ಇದು. ಮಳೆಗೆ ನೆನೆಯಬಾರದೆಂದು ಹಾಲಿನಲ್ಲಿ, ಸೋಫಾದ ಪಕ್ಕದಲ್ಲಿ ನಿಲ್ಲಿಸಿದೆ. ನನ್ನ ಹೆಂಡತಿ ಜಲಜೆ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಹ್ಯಾಂಡಲ್ಲಿನ ಮೇಲೆ ಎರಡು ಟವೆಲ್ಲು, ಒಂದು ಲಂಗ ಒಣಗುತ್ತಿದ್ದವು.

"ಎಂತ ಮಾರಾಯ್ತಿ ಇದು, ಕಾರ್ಬನ್ ಸೈಕಲ್!" ಅಂದೆ.

"ಹಂಗಾರೆ ಬೇಗ ಒಣಗತ್ತೆ ಬಿಡಿ" ಅಂದಳು.

ಈಗ ಸೀಟಿನ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಲೆಕ್ಕ ಹಾಕಿ ಸೀಟನ್ನು ಇಷ್ಟೇ ಎತ್ತರಕ್ಕೆ ಅಂತ ನಿಲ್ಲಿಸಿದೆ. ನಿಲ್ಲಿಸಿದ್ದು ನಾನು, ನಿಂತದ್ದು ಅದಲ್ಲ. ಮೊದಲ ಭಾನುವಾರ ತಾಳಗುಪ್ಪದ ಕಡೆಗೆ ಹೊರಟೆ. ಹೊರಡುವಾಗ ಕುದುರೆಯ ಮೇಲೆ ಕೂತ ಹಾಗೆ ಎತ್ತರದಲ್ಲಿದ್ದೆ. ಪ್ರತಿ ಗುಂಡಿಗೂ ಸೀಟು ಒಂದು ನೂಲು ಇಳಿಯಿತು. ನಮ್ಮ ರಸ್ತೆಯಲ್ಲಿ ಗುಂಡಿಗಳಿಗೆ ಬರವಿಲ್ಲ. ಇಳಿಯುವುದು ಎಷ್ಟು ಮೆಲ್ಲಗೆಂದರೆ, ಕೂತವನಿಗೆ ಗೊತ್ತಾಗುವುದೇ ಇಲ್ಲ. ಎದುರಿನ ಹೊಲದ ಬೇಲಿ ಯಾಕೋ ಎತ್ತರವಾಯಿತಲ್ಲ ಅನ್ನಿಸುತ್ತದೆ ಅಷ್ಟೇ. ತಾಳಗುಪ್ಪದಲ್ಲಿ ಚಹಾ ಕುಡಿದು ಹಿಂದಿರುಗುವಷ್ಟರಲ್ಲಿ ನನ್ನ ಮೊಣಕಾಲುಗಳು ಗದ್ದವನ್ನು ವಿಚಾರಿಸಿಕೊಳ್ಳುತ್ತಿದ್ದವು. ದಾರಿಯಲ್ಲಿ ಬಾಳೆಕಾಯಿ ಮಾರುವ ಮುದುಕರೊಬ್ಬರು ನನ್ನನ್ನು ತಡೆದು, ಸೈಕಲ್ಲನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಕೇಳಿದರು: "ಹೊತ್ತಾರೆ ಇದೇ ಸೈಕಲ್ಲಲ್ಲಿ ಒಬ್ರು ಉದ್ದದೋರು ಹೋದ್ರಲ್ಲ, ಅವ್ರು ನಿಮ್ಮ ಅಣ್ಣಾರಾ?"

ಹೌದು ಅಂದುಬಿಟ್ಟೆ. ಅಲ್ಲವೆಂದರೆ ವಿವರಿಸಬೇಕಾಗುತ್ತಿತ್ತು. "ಪಾಪ, ಅವ್ರು ನಡ್ಕಂಡು ಬತ್ತಿದಾರಾ?" ಎಂದು ಮುದುಕರು ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದರು. ನನ್ನ ಅಣ್ಣನಿಗಾಗಿ ಅವರು ಎಷ್ಟು ಹೊತ್ತು ಕಾದರೋ ಗೊತ್ತಿಲ್ಲ.

ಮನೆಗೆ ಬಂದು ಪರೀಕ್ಷಿಸಿದರೆ ಸೀಟು ಪೂರ್ತಿ ತಳ ಸೇರಿತ್ತು. ಒಣಗಿರಬೇಕೆಂದು ಇನ್ನಷ್ಟು ಎಣ್ಣೆ ಹಚ್ಚಿದೆ. ಪೈಪನ್ನು ಹಿಡಿದು ನಿಲ್ಲಿಸುವ ಕ್ಲಾಂಪನ್ನು ಬಿಗಿ ಮಾಡೋಣವೆಂದರೆ ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇಷ್ಟಕ್ಕಿಂತ ಹೆಚ್ಚು ಬಿಗಿಸಬಾರದೆಂದು ಕೆತ್ತಿದ್ದರು. ಬಿಗಿಸಿದರೆ ಕಾರ್ಬನ್ ಸೀಳುತ್ತದಂತೆ. ಕಬ್ಬಿಣವಾದರೆ ಬೈದು, ಬಡಿದು, ಬಗ್ಗಿಸಿ ದಾರಿಗೆ ತರಬಹುದು. ಇದು ದೊಡ್ಡ ಮನೆತನದ ಸೊಸೆಯ ಹಾಗೆ, ಸ್ವಲ್ಪ ಗಟ್ಟಿಯಾಗಿ ಮಾತಾಡಿದರೂ ಮುರಿಯುತ್ತದೆ. ಪೇಟೆಯ ಸೈಕಲ್ ರಿಪೇರಿಯ ಬಾಷಾ ಸಾಬರ ಹತ್ತಿರ ಒಯ್ದೆ. ಅವರು ಐವತ್ತು ವರ್ಷಗಳಿಂದ ಸಾಗರದ ಸೈಕಲ್ಲುಗಳ ನಾಡಿ ನೋಡಿದವರು. ಫ್ರೇಮನ್ನು ಬೆರಳಿನಿಂದ ಟಕಟಕ ತಟ್ಟಿದರು.

"ಇದೆಂತ ಸಾರ್, ಪ್ಲಾಸ್ಟಿಕ್ಕಾ?"

"ಕಾರ್ಬನ್ನು, ಬಾಷಾ ಸಾಬ್ರೆ."

"ಹಂಗಂದ್ರೆ?"

"ಇದ್ದಿಲಿನ ಜಾತಿ ಅಂತ ಇಟ್ಕೊಳ್ಳಿ. ಅದನ್ನು ನೂಲು ಮಾಡಿ, ಬಟ್ಟೆ ನೇಯ್ದು, ಅಂಟು ಹಾಕಿ ಗಟ್ಟಿ ಮಾಡಿರ್ತಾರೆ."

ಬಾಷಾ ಸಾಬರು ನನ್ನ ಮುಖವನ್ನು ಬಹಳ ಅನುಕಂಪದಿಂದ ನೋಡಿದರು. "ಇದ್ದಿಲು, ಬಟ್ಟೆ, ಅಂಟು" ಎಂದು ಒಂದೊಂದಾಗಿ ಎಣಿಸಿದರು. "ಸಾರ್, ನಿಮಗೆ ಇದನ್ನ ಕೊಟ್ಟೋರು ಯಾರು?" ಎಂದು ಕೇಳಿದರು. ಆದರೂ ಕೈಬಿಡಲಿಲ್ಲ. ಪೌಡರ್ ಡಬ್ಬದ ತಗಡನ್ನು ನೀಟಾಗಿ ಕತ್ತರಿಸಿ ಪೈಪಿನ ಸುತ್ತ ಸುತ್ತಿ, ಮೇಲಿಂದ ಒಂದು ಮುಷ್ಟಿ ಗ್ರೀಸು ಬಳಿದು ಕೂರಿಸಿದರು. ಮನೆಗೆ ಬರುವವರೆಗೆ ಸೀಟು ನಿಂತಿತ್ತು. ಆದರೆ ಒಂದೊಂದು ತುಳಿತಕ್ಕೂ ಅದು ಹೊರಡಿಸಿದ ಕಿರಗುಟ್ಟುವಿಕೆಗೆ ನಮ್ಮ ಬೀದಿಯ ನಾಯಿಗಳೆಲ್ಲ ಎದ್ದು ನನ್ನನ್ನು ಮನೆಯವರೆಗೆ ಕಳಿಸಿಕೊಟ್ಟವು. ಮರುದಿನ ತಗಡೂ ಗ್ರೀಸೂ ಸೇರಿ ಸೀಟು ಇನ್ನಷ್ಟು ಸಂತೋಷದಿಂದ ಇಳಿಯಿತು.

ಇಷ್ಟರಲ್ಲಿ ಸುದ್ದಿ ತೀರ್ಥಹಳ್ಳಿಗೆ ಹೋಯಿತು. ತೀರ್ಥಹಳ್ಳಿಯಲ್ಲಿ ಜಲಜೆಯ ಅಕ್ಕನ ಮನೆ. ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರಾದ ಶ್ರೀಪಾದ ಭಾವ, ಕಾರ್ಗಲ್ಲಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಷಡ್ಡಕರ ಸಂಬಂಧ ಒಂದು ವಿಚಿತ್ರ ಸಂಬಂಧ. ಜಗಳವಾಡಲು ಕಾರಣವಿಲ್ಲ, ಸುಮ್ಮನಿರಲು ಮನಸ್ಸಿಲ್ಲ. ಒಂದೇ ಮಾವನ ಮನೆಯಲ್ಲಿ ಅಕ್ಕಪಕ್ಕದ ಎಲೆಗೆ ಕೂತು, ಯಾರ ಎಲೆಗೆ ತುಪ್ಪ ಎಷ್ಟು ಬಿತ್ತೆಂದು ಓರೆಗಣ್ಣಿನಲ್ಲಿ ನೋಡಿಕೊಂಡು ಬೆಳೆದ ಸಂಬಂಧ ಅದು. ಭಾವ ಆರಡಿ ಎತ್ತರದ ಆಳು. ಅವರು ಫೋನು ಮಾಡಿ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ, "ಎಂತ ಮಾರಾಯ, ನೀನು ಕೂತ್ರೆ ಸೀಟು ಪಾತಾಳಕ್ಕೆ ಹೋಗ್ತದಂತೆ? ಅಣೆಕಟ್ಟಿನ ಗೇಟು ನಿಲ್ಸಿದೀನಿ ನಾನು, ನೀನು ಒಂದು ಸೀಟು ನಿಲ್ಸಕ್ಕೆ ಆಗ್ಲಿಲ್ವಾ?" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ಬರೋ ಭಾನುವಾರ ಇದೇ ಸೈಕಲ್ಲಲ್ಲಿ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರ್ತೀನಿ ಭಾವ, ಸೋಮವಾರ ವಾಪಸ್ಸು ಹೋಗ್ತೀನಿ, ನೋಡ್ತಾ ಇರಿ" ಅಂದುಬಿಟ್ಟೆ. ಸೋಮವಾರ ಯಾವುದೋ ರಜೆ ಇತ್ತು. ಭಾವನಿಗೆ ಅಷ್ಟೇ ಬೇಕಿತ್ತು. "ಬಂದ್ರೆ ನಾನೇ ಬಾಗಿಲಲ್ಲಿ ನಿಂತು ಸೈಕಲ್ಲಿಗೆ ಆರತಿ ಎತ್ತತೀನಿ. ಹೋಗಿ ಬರೋದಕ್ಕೆ ಆಗ್ದಿದ್ರೆ ಸೈಕಲ್ಲು ನಮ್ಮನೆ ಮಹಡಿಗೆ. ನಿಮ್ಮಕ್ಕನಿಗೆ ಬಟ್ಟೆ ಒಣಗಿಸಕ್ಕೆ ಜಾಗ ಸಾಲ್ದು" ಅಂದರು. ಜಲಜೆ ಪಕ್ಕದಿಂದ, "ಆಗ್ಲಿ, ನಾನು ಸಾಕ್ಷಿ. ಹೋಗಿ ಬಂದ್ರೆ ಸೈಕಲ್ಲು ಹಾಲಲ್ಲೇ ಇರ್ಲಿ, ಒಂದು ಟವೆಲ್ಲೂ ಹಾಕಲ್ಲ" ಎಂದು ತೀರ್ಪು ಕೊಟ್ಟಳು. ಹೀಗೆ ಒಂದು ಫೋನಿನಲ್ಲಿ ನನ್ನ ಸೈಕಲ್ಲು ಪಣಕ್ಕೆ ಬಿದ್ದಿತು.

ಉಳಿದದ್ದು ಆರು ದಿನ. ಮೊದಲ ದಿನ ಹಲಸಿನ ಮೇಣ ಹಚ್ಚಿದೆ. ನಮ್ಮಲ್ಲಿ ಸೋರುವ ಕೊಡಕ್ಕೆ ಅದೇ ಔಷಧ. ಕೊಡಕ್ಕೆ ಒಪ್ಪುವ ಮೇಣ ಎಣ್ಣೆಯ ಪೈಪಿಗೆ ಒಪ್ಪಲಿಲ್ಲ. ನನ್ನ ಬೆರಳುಗಳಿಗೆ ಮಾತ್ರ ಬಹಳ ಚೆನ್ನಾಗಿ ಒಪ್ಪಿ, ಮರುದಿನ ತರಗತಿಯಲ್ಲಿ ಸೀಮೆಸುಣ್ಣ ಕೈಬಿಡದೆ ಹೋಯಿತು. ಎರಡನೆಯ ದಿನ ಕೂತು ಸೂತ್ರಗಳನ್ನು ಬರೆದು ನೋಡಿದೆ. ಸೂತ್ರದ ಪ್ರಕಾರ ಸೀಟು ಇಳಿಯಬಾರದಿತ್ತು. ಅದನ್ನು ಸೀಟಿಗೆ ಹೇಳುವವರು ಯಾರು? ಮೂರನೆಯ ದಿನ ಸಂಜೆ ದಾರಿಯಲ್ಲಿ ಗಂಧದ ಕೆತ್ತನೆಯ ಮಂಜಪ್ಪನವರು ಸಿಕ್ಕಿದರು. ಗುಡಿಗಾರರ ಕುಲದವರು, ಎಪ್ಪತ್ತರ ಮೇಲಿನ ವಯಸ್ಸು, ಒಂದು ಗೇಣಿನ ಕಟ್ಟಿಗೆಯಲ್ಲಿ ಆನೆ, ಅಂಬಾರಿ, ಅಂಬಾರಿಯಲ್ಲಿ ಕೂತವರ ಮೂಗುಬೊಟ್ಟು ಎಲ್ಲ ಬಿಡಿಸುವವರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಸೈಕಲ್ಲನ್ನು ತಮ್ಮ ಜಗಲಿಗೆ ತರಿಸಿಕೊಂಡು, ಪೈಪನ್ನು ಹೊರಗೆಳೆದು, ಕನ್ನಡಕವನ್ನು ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಮೂಸಿ ನೋಡಿದರು.

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು ಸಾರ್?"

"ನಾನೇ."

"ಎಂತಕ್ಕೆ?"

"ತುಕ್ಕು ಹಿಡೀಬಾರ್ದಲ್ಲ."

"ಇದು ತುಕ್ಕು ಹಿಡಿಯೋ ವಸ್ತುವಾ?"

ಇದ್ದಿಲಿಗೆ ತುಕ್ಕು ಹಿಡಿದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಮಂಜಪ್ಪನವರು ನನ್ನ ಮರ್ಯಾದೆ ಕಾಯಲೆಂದು ದನಿ ತಗ್ಗಿಸಿ, "ನಮ್ ಕೆಲಸದಲ್ಲೂ ಹಂಗೇ. ಎರಡು ತುಂಡು ಕೂಡಿಸ್ಬೇಕಾರೆ ಮೊದ್ಲು ಜಿಡ್ಡು ತೆಗೀಬೇಕು, ಆಮೇಲೆ ಮೈ ಒಂಚೂರು ಒರಟು ಮಾಡ್ಬೇಕು. ನುಣ್ಣಗಿದ್ರೆ ಹಿಡಿಯಲ್ಲ. ಮಧ್ಯ ಮರಳಿನ ಥರದ್ದು ಎಂತಾರು ಬೇಕು. ಈ ಸೈಕಲ್ ಮಾಡಿದೋರು ಅಂಥದ್ದು ಕೊಟ್ಟೇ ಇರ್ತಾರೆ, ಹುಡುಕಿ" ಅಂದರು. ಇಪ್ಪತ್ತೆಂಟು ವರ್ಷ ನಾನು ಬರೆಸಿದ ನೋಟ್ಸನ್ನು ಅವರು ಜಗಲಿಯಲ್ಲಿ ಕೂತು ಮೂರು ಮಾತಿನಲ್ಲಿ ಹೇಳಿದ್ದರು. ಅವರ ಮಗಳು ಒಳಗಿನಿಂದ ಕಾಫಿ ತಂದು ಕೊಡುವಾಗ ನಾನು ಅವಳ ಮುಖ ನೋಡಲಿಲ್ಲ.

ಮನೆಗೆ ಬಂದು ಡಾಕ್ಟರು ಸೈಕಲ್ಲಿನ ಜೊತೆ ಕೊಟ್ಟಿದ್ದ ಚೀಲವನ್ನು ತಲೆಕೆಳಗು ಮಾಡಿದೆ. ಅದರಲ್ಲಿ ಬೆಳ್ಳಗಿನ ಒಂದು ಪುಟ್ಟ ಪೊಟ್ಟಣ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು, ಒತ್ತಿದರೆ ಒಳಗೆ ಮರಳು ಮರಳಾಗಿ ಸಿಗುತ್ತಿತ್ತು. "ಜಲಜಾ, ಇದರಲ್ಲಿ ಒಂದು ಪೇಸ್ಟು ಇತ್ತಲ್ಲ?"

"ಅದಾ? ದೀಪ ತಿಕ್ಕೋ ಪೇಸ್ಟು ಅಲ್ವಾ ಅದು? ಚೌತಿ ಹಬ್ಬಕ್ಕೇ ಖಾಲಿ ಆತು. ಎಂತ ಹೊಳಪು ಬಂತು ಅಂತೀರಿ! ಇನ್ನೊಂದು ಸಿಗತ್ತಾ ಕೇಳಿ ಆ ಡಾಕ್ಟ್ರಿಗೆ."

ದೇವರ ಮನೆಯ ಕಡೆ ನೋಡಿದೆ. ಎರಡು ಹಿತ್ತಾಳೆ ದೀಪಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು. ನನ್ನ ಸೀಟನ್ನು ನಿಲ್ಲಿಸಬೇಕಾಗಿದ್ದ ಪೇಸ್ಟೆಲ್ಲ ಅಲ್ಲಿ ಬೆಳಗುತ್ತಿತ್ತು. ಇನ್ನೊಂದು ಪೊಟ್ಟಣ ತರಿಸಿದರೆ ಬರಲು ಹತ್ತು ದಿನ ಎಂದು ಫೋನು ಹೇಳಿತು. ನಾನು ಸೋಫಾದ ಮೇಲೆ ಕುಸಿದು ಕುಳಿತೆ. ನಿಜ ಹೇಳುತ್ತೇನೆ, ನನಗೆ ಅಳು ಬರುವಂತಾಗಿತ್ತು. ಆ ಸೈಕಲ್ಲನ್ನು ಭಾವನ ಮಹಡಿಯಲ್ಲಿ, ಅವರ ಪಟ್ಟೆಪಟ್ಟೆ ಚಡ್ಡಿಗಳ ಕೆಳಗೆ ಕಲ್ಪಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಸೈಕಲ್ಲು ಹೋಗಿ ಹಾಲಿನಲ್ಲಿ ಜಾಗ ಖಾಲಿಯಾದರೆ ಜಲಜೆಗೇ ಲಾಭ. ಆದರೂ ಎದ್ದು ಹೋಗಿ ರಂಗೋಲಿ ಡಬ್ಬ ತಂದಳು. "ಮರಳಿನ ಥರದ್ದು ತಾನೆ ಬೇಕಾಗಿದ್ದು? ತಗಳಿ" ಅಂದಳು. ಹಳೆಯ ಸೀರೆಯ ತುಂಡಿನಲ್ಲಿ ರಂಗೋಲಿ ಪುಡಿಯನ್ನು ಸೋಸಿ, ಅನ್ನದ ಗಂಜಿಯಲ್ಲಿ ಕಲಸಿದಳು. ಕೊರೊನಾ ಕಾಲದಲ್ಲಿ ಕೂಡಿಟ್ಟ ಸ್ಯಾನಿಟೈಸರ್ ಐದು ಬಾಟಲಿ ಇತ್ತು, ಅದರಿಂದ ನಾನು ಪೈಪನ್ನು ಒಳಗೂ ಹೊರಗೂ ಒರೆಸಿ ಒರೆಸಿ, ಅದರ ಎಣ್ಣೆ, ಗ್ರೀಸು, ಮೇಣ ಎಲ್ಲವನ್ನೂ ಬಿಡಿಸಿದೆ. ಅವಳು ಪೈಪಿಗೆ ಬೆರಳಿನಿಂದ ರಂಗೋಲಿ ಬಳಿದಳು. ಫೋನಿನ ಲೆಕ್ಕದ ಎತ್ತರಕ್ಕೆ ಸರಿಯಾಗಿ ಕೂರಿಸಿ, ಕೆತ್ತಿದಷ್ಟೇ ಬಿಗಿಸಿ, ಗುರುತಿಗೆಂದು ಅವಳ ಒಂದು ಸ್ಟಿಕ್ಕರ್ ಬೊಟ್ಟನ್ನು ಪೈಪು ಫ್ರೇಮಿನೊಳಕ್ಕೆ ಹೋಗುವಲ್ಲಿ ಅಂಟಿಸಿದೆವು. ಬೊಟ್ಟು ಮುಳುಗಿದರೆ ಸೀಟು ಇಳಿಯಿತೆಂದು ಅರ್ಥ.

"ಇಷ್ಟೆಲ್ಲ ಯಾಕೆ ಮಾಡ್ತೀಯ?" ಎಂದು ಕೇಳಿದೆ. "ಅರ್ಧ ದಾರೀಲಿ ಕೂತ್ಕಂಡ್ರೆ ಕರ್ಕಂಬರಕ್ಕೆ ನಾನೇ ಬರ್ಬೇಕಲ್ಲ" ಅಂದಳು. ಶನಿವಾರ ಅವಳು ಬಸ್ಸಿನಲ್ಲಿ ಅಕ್ಕನ ಮನೆಗೆ ಹೋದಳು.

ಭಾನುವಾರ ಬೆಳಕು ಹರಿಯುವಾಗ ಹೊರಟೆ. ಬಟ್ಟೆಮಲ್ಲಪ್ಪದಲ್ಲಿ ಇಳಿದು ನೋಡಿದೆ, ಬೊಟ್ಟು ಇದ್ದಲ್ಲೇ ಇತ್ತು. ಹೊಸನಗರದಲ್ಲಿ ನೋಡಿದೆ, ಆಗಲೂ ಇತ್ತು. ಹೋಟೆಲಿನ ಮುಂದೆ ನಿಂತವರು, ಇವರು ಸೈಕಲ್ಲಿನ ಹಿಂಭಾಗಕ್ಕೆ ಬಗ್ಗಿ ಬಗ್ಗಿ ಯಾರ ಬೊಟ್ಟು ನೋಡುತ್ತಿದ್ದಾರೆಂದು ಗಾಬರಿಯಾದರು. ನನಗೆ ಕುಣಿಯುವಷ್ಟು ಖುಷಿ. ಕುಣಿಯಲು ಮಾತ್ರ ಆಗುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ನನ್ನ ಸೊಂಟದಲ್ಲಿ ಏನೋ ಆಗತೊಡಗಿತ್ತು. ಪೆಡಲು ಕೆಳಗೆ ಹೋದಾಗ ನನ್ನ ಕಾಲು ಅದರ ಜೊತೆ ಪೂರ್ತಿ ಹೋಗುತ್ತಿರಲಿಲ್ಲ. ಹೆಬ್ಬೆರಳಿನ ತುದಿಯಿಂದ ಅದನ್ನು ಬೀಳ್ಕೊಡಬೇಕಾಗುತ್ತಿತ್ತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೀಟಿನ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತ ಕೋಣಂದೂರು ತಲುಪಿದೆ. ಅಲ್ಲಿ ನಿಲ್ಲೋಣವೆಂದರೆ ಕಾಲು ನೆಲಕ್ಕೆ ಸಿಗಲಿಲ್ಲ. ರಸ್ತೆಬದಿಯಲ್ಲಿ ಪೇರಿಸಿದ್ದ ಹಿಂಡಿಯ ಮೂಟೆಗಳನ್ನು ತಬ್ಬಿಕೊಂಡು ನಿಂತೆ. ಅಂಗಡಿಯವರು, "ಎಷ್ಟು ಬೇಕು?" ಎಂದರು.

ತೀರ್ಥಹಳ್ಳಿಯ ಮನೆಯ ಅಂಗಳಕ್ಕೆ ಬರುವಾಗ ಹನ್ನೆರಡು ದಾಟಿತ್ತು. ಭಾವ ಮಾತಿಗೆ ತಪ್ಪುವವರಲ್ಲ. ಅಕ್ಕನ ಕೈಯಿಂದ ಆರತಿ ತಟ್ಟೆ ತೆಗೆದುಕೊಂಡು ಸೈಕಲ್ಲಿಗೆ ಮೂರು ಸುತ್ತು ಎತ್ತಿದರು, ಹ್ಯಾಂಡಲ್ಲಿಗೆ ಕುಂಕುಮ ಇಟ್ಟರು. ಬೊಟ್ಟನ್ನು ತೋರಿಸಿದೆ. ಒಂದು ನೂಲೂ ಅಲ್ಲಾಡಿರಲಿಲ್ಲ. ನಾನೊಬ್ಬನೇ ಅಲ್ಲಾಡುತ್ತಿದ್ದೆ. ಇಳಿದವನಿಗೆ ಕಾಲು ಮಡಿಸಲು ಬರಲಿಲ್ಲ, ಮಡಿಸಿದ್ದನ್ನು ಬಿಡಿಸಲು ಬರಲಿಲ್ಲ. ಊಟಕ್ಕೆ ಎಲ್ಲರೂ ನೆಲಕ್ಕೆ ಕೂತರು, ನನಗೆ ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟು ನಿಲ್ಲಿಸಿ ಬಡಿಸಿದರು.

ಊಟವಾದ ಮೇಲೆ ಭಾವ ಒಂದು ಟೇಪು ಹಿಡಿದುಕೊಂಡು ಸೈಕಲ್ಲಿಗೆ ಪ್ರದಕ್ಷಿಣೆ ಬಂದರು. ನನ್ನನ್ನು ಮೇಲೆ ಕೂರಿಸಿ ಕಾಲು ನೋಡಿದರು. "ಸೀಟು ಎರಡು ಬೆರಳು ಎತ್ತರ ಆಗಿದೆ ಮಾರಾಯ. ಹಿಂಗೇ ನಾಳೆ ವಾಪಸ್ಸು ಹೋದ್ರೆ ನಿನ್ನನ್ನ ಸೊಂಟದಿಂದ ಎರಡು ಭಾಗ ಮಾಡಿ ತಗಂಡು ಹೋಗ್ಬೇಕಾಗ್ತದೆ. ಯಾರು ಹಾಕಿದ್ದು ಈ ಲೆಕ್ಕ?"

"ಫೋನಲ್ಲಿ ಭಾವ. ನಮ್ಮ ಎತ್ತರ ಹಾಕಿದ್ರೆ ಸೀಟಿನ ಎತ್ತರ ಅದೇ ಹೇಳ್ತದೆ."

"ಎಷ್ಟು ಹಾಕಿದ್ದೆ?"

ನಾನು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದೆ. ಜಲಜೆ ಅಲ್ಲೇ ಕೂತು ಎಲೆಯಡಿಕೆ ಮಡಿಸುತ್ತಿದ್ದಳು.

ಇಲ್ಲಿ ನಿಮ್ಮಿಂದ ಮುಚ್ಚಿಟ್ಟ ಒಂದು ವಿಷಯ ಹೇಳಬೇಕು. ಮದುವೆಯ ಮಾತುಕತೆಯ ಕಾಲದಲ್ಲಿ ನನ್ನ ಜಾತಕದ ಜೊತೆ ಹೋದ ಚೀಟಿಯಲ್ಲಿ ಎತ್ತರ ಐದಡಿ ಹತ್ತು ಅಂಗುಲ ಎಂದು ಬರೆದಿತ್ತು. ಬರೆದವನು ನಾನೇ. ದೊಡ್ಡಳಿಯ ಆರಡಿಯವರೆಂದು ಕೇಳಿ ಹೆದರಿ ಎರಡು ಅಂಗುಲ ಸೇರಿಸಿದ್ದೆ. ಆಮೇಲೆ ಆ ಸುಳ್ಳಿಗೆ ನಾನು ಎಷ್ಟು ನಿಷ್ಠೆಯಿಂದ ನಡೆದುಕೊಂಡೆನೆಂದರೆ, ಎಲ್ಲ ಅರ್ಜಿಗಳಲ್ಲೂ ಐದು ಹತ್ತು; ಮನೆಯ ಎಲ್ಲ ಫೋಟೋಗಳಲ್ಲೂ ಹಿಮ್ಮಡಿ ಎತ್ತಿ ನಿಂತಿದ್ದೇನೆ. ಯಾರೂ ಇಲ್ಲದ ಕೋಣೆಯಲ್ಲಿ, ಫೋನಿಗೂ ಐದು ಹತ್ತು ಎಂದೇ ಹೇಳಿದ್ದೆ. ಸೀಟು ಇಳಿಯುತ್ತಿದ್ದ ದಿನಗಳಲ್ಲಿ ಪ್ರತಿ ಸಲ ತಾಳಗುಪ್ಪದ ದಾರಿಯಲ್ಲಿ ಒಂದು ಮೈಲಿ ಮಾತ್ರ ಸ್ವರ್ಗದಲ್ಲಿ ತೇಲಿದ ಹಾಗೆ ಅನ್ನಿಸುತ್ತಿತ್ತು, ಅದು ಅಲ್ಲಿಯ ಗಾಳಿಯ ಗುಣವೆಂದುಕೊಂಡಿದ್ದೆ. ಈಗ ಗೊತ್ತಾಯಿತು. ಸೀಟು ಕೆಳಗಿಳಿಯುವ ದಾರಿಯಲ್ಲಿ ನನ್ನ ನಿಜವಾದ ಎತ್ತರವನ್ನು ಒಂದು ಮೈಲಿ ಹಾದು ಹೋಗುತ್ತಿತ್ತು.

"ಹೇಳು ಮಾರಾಯ" ಎಂದರು ಭಾವ. "ಸರಿ ಎತ್ತರ ಹೇಳಿದ್ರೆ ಈಗ್ಲೇ ಲೆಕ್ಕ ಹಾಕಿ ಇಳಿಸ್ತೀನಿ. ಇಲ್ಲಾಂದ್ರೆ ನಾಳೆ ಬಸ್ಸಿಗೆ ಹೋಗು. ಮಹಡಿ ಖಾಲಿ ಇದೆ."

ಅಂಗಳದಲ್ಲಿ ಸೈಕಲ್ಲು ಕುಂಕುಮ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಯಾರ ಮುಖವನ್ನೂ ನೋಡದೆ, "ಐದು ಎಂಟು" ಅಂದೆ.

ಅಕ್ಕ ಬಾಯಿಗೆ ಸೆರಗು ಇಟ್ಟುಕೊಂಡರು. ಭಾವನ ಕೈಯ ಟೇಪು ಸರ್ರನೆ ಒಳಗೆ ಹೋಯಿತು. ಜಲಜೆ ಮಾತ್ರ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು" ಅಂದಳು. "ಹೆಣ್ಣು ನೋಡಕ್ಕೆ ಬಂದಾಗ ಕಿಟಕೀಲಿ ನಿಂತು ನೋಡ್ತಿದ್ದೆ. ಅಷ್ಟು ದಪ್ಪ ಹಿಮ್ಮಡಿ ಬೂಟು ಹಾಕ್ಕಂಡು ಅಂಗಳದಲ್ಲಿ ಬಂದ್ರಿ. ಮೆಟ್ಲ ಹತ್ರ ಬಿಚ್ಚಿಟ್ರಿ. ಜಗಲಿ ಹತ್ತೋ ಹೊತ್ತಿಗೆ ಗಿಡ್ಡ ಆಗಿದ್ರಿ."

"ಗೊತ್ತಿದ್ದೂ ಒಪ್ಪಿದ್ಯಾ?"

"ಉದ್ದದೋರು ಅಕ್ಕಂಗೆ ಸಿಕ್ಕಿದ್ರಲ್ಲ. ದಿನಾ ಜಗಲಿ ಸೂರು ತಲೆಗೆ ತಾಗಿಸ್ಕಂಡು ಬೈತಾ ಇದ್ರು. ಒಬ್ರು ಸಾಕು ಅನ್ನಿಸ್ತು."

ಭಾವ ಅಭ್ಯಾಸಬಲದಿಂದ ಹಣೆ ಮುಟ್ಟಿಕೊಂಡರು. ನಾನು ಕ್ಲಾಂಪು ಸಡಿಲಿಸುವ ಅಲೆನ್ ಕೀ ತೆಗೆದುಕೊಂಡು, ಬೊಟ್ಟನ್ನು ಕಿತ್ತು, ಸೀಟನ್ನು ಎರಡು ಬೆರಳು ಇಳಿಸಿದೆ. ಹತ್ತಿ ಕೂತರೆ ಕಾಲು ಪೆಡಲಿಗೆ ಪೂರ್ತಿ ಸಿಕ್ಕಿತು. ಇಪ್ಪತ್ತಾರು ವರ್ಷ ತುದಿಗಾಲಿನಲ್ಲಿ ನಿಂತವನಿಗೆ ಹಿಮ್ಮಡಿ ಊರಿದರೆ ಇಷ್ಟು ಸುಖವೆಂದು ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಭಾವ ಎಲ್ಲರನ್ನೂ ಸೈಕಲ್ಲಿನ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದರು. "ರೆಡಿ" ಅಂದ ಕೂಡಲೇ ನನ್ನ ಹಿಮ್ಮಡಿಗಳು ತಾವಾಗಿಯೇ ಮೇಲೆದ್ದವು. ಪಕ್ಕದಲ್ಲಿ ನಿಂತಿದ್ದ ಜಲಜೆ ಕ್ಯಾಮೆರಾ ನೋಡುತ್ತಲೇ ನನ್ನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಕೆಳಗೆ ಒತ್ತಿದಳು.